ಬಾಣಂತಿ ಕೋಣೆಯ ಕಿಟಕಿ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಊರೂರು ಸುತ್ತಿ ಬಂದೆ. ಎಲ್ಲಿ ಹೋದರೂ ಒಂದೇ ಮಾತು, ಹವೆ ಮೊದಲಿನ ಹಾಗಿಲ್ಲ ಎಂದು. ಸಮುದ್ರದಾಚೆಯ ದೇಶಗಳಲ್ಲೂ ಜನ ಸೆಕೆಗೆ ಕುಸಿದು ಬೀಳುತ್ತಿದ್ದಾರಂತೆ. ಸೊಳ್ಳೆಯೇ ಕಾಣದಿದ್ದ ಬೆಟ್ಟದೂರುಗಳಿಗೆ ಸೊಳ್ಳೆಜ್ವರ ಹತ್ತಿದೆಯಂತೆ. ಹಿರಿಯರು ಹೇಳಿಕೊಟ್ಟ ಪಥ್ಯ, ಆರೈಕೆ ಎಷ್ಟೋ ಕಡೆ ಈಗ ಮೈಗೆ ಒಗ್ಗುತ್ತಿಲ್ಲ. ಬಿಡಿ ಅಂದರೆ ಹಿರಿಯರ ಮಾತು ಮೀರಿದಂತೆ. ಬಿಡಬೇಡಿ ಅನ್ನಲು ಬಾಯಿ ಬರುವುದಿಲ್ಲ. ಜನರಿಗೆ ನಾನು ಏನು ಹೇಳಲಿ?"

ಜನರಿಗೆ ಹೇಳುವುದು ಆಮೇಲಾಯಿತು, ಮೊದಲು ನೀನು ಕೇಳು ಎಂದು ಗುರುಗಳು ಈ ಕತೆ ಹೇಳಿದರು.

ಬೆಟ್ಟದ ಮೇಲೆ ಒಂದು ಊರಿತ್ತು. ಚಳಿಯ ಊರು. ಬಾಣಂತನ ಗಂಡನ ಮನೆಯಲ್ಲೇ ಆಗಬೇಕೆಂಬುದು ಅಲ್ಲಿಯ ಪದ್ಧತಿ. ಆ ಊರಿಗೆ ಸೊಸೆಯಾಗಿ ಬಂದ ಒಬ್ಬ ಹೆಂಗಸು ಮಾಗಿಯ ಚಳಿಯಲ್ಲಿ ಹೆಣ್ಣುಮಗುವನ್ನು ಹೆತ್ತಳು. ಒಂದು ದಿನ ಕೋಣೆಯ ಬೆಂಕಿ ಆರಿದ್ದನ್ನು ಯಾರೂ ನೋಡಲಿಲ್ಲ. ಎತ್ತಿಕೊಳ್ಳಲು ಹೋದಾಗ ಮಗು ತಣ್ಣಗಾಗಿತ್ತು.

ಮುಂದಿನ ಬಾಣಂತನವನ್ನು ಅವಳ ಅತ್ತೆ ತಾನೇ ಕೈಗೆತ್ತಿಕೊಂಡಳು. ಕೋಣೆಯ ಕಿಟಕಿಗೆ ಗೋಣಿ ಹೊಡೆಸಿದಳು. ಮಂಚದ ಕೆಳಗೆ ಸದಾ ಕೆಂಡ ಇಟ್ಟಳು. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಕುಡಿಯಲು ಒಂದು ಗುಟುಕು ಬಿಸಿನೀರು, ಅದಕ್ಕಿಂತ ಹೆಚ್ಚಿಲ್ಲ. ಆ ಸಲ ಗಂಡುಮಗು ಹುಟ್ಟಿತು, ಉಳಿಯಿತು. ಅತ್ತೆ ಕಣ್ಣು ಮುಚ್ಚುವಾಗ, ಈ ಮನೆಯ ಬಾಣಂತಿಯರನ್ನು ನಾನು ನೋಡಿಕೊಂಡ ಹಾಗೆ ನೋಡಿಕೋ ಎಂದು ಸೊಸೆಗೆ ಹೇಳಿ ಹೋದಳು.

ಆ ಗಂಡುಮಗ ಬೆಳೆದ, ಮದುವೆಯಾದ. ಅವನ ಹೆಂಡತಿ ಹೆತ್ತಳು. ನಮ್ಮ ಹೆಂಗಸು ಈಗ ಅಜ್ಜಿಯಾದಳು. ಇನ್ನು ಅಜ್ಜಿ ಎಂದೇ ಅನ್ನೋಣ, ಇಲ್ಲದಿದ್ದರೆ ಅತ್ತೆಯಂದಿರು ಜಾಸ್ತಿಯಾಗಿ ನಿನ್ನ ತಲೆ ಕೆಡುತ್ತದೆ.

ಅಷ್ಟರಲ್ಲಿ ಬೆಟ್ಟದ ಹವೆ ಬೇರೆಯಾಗಿತ್ತು. ಊರವರ ಕಂಬಳಿಗಳು ಪೆಟ್ಟಿಗೆ ಸೇರಿದ್ದವು. ಆ ವರ್ಷವಂತೂ ಬೇಸಗೆಗೆ ಮೊದಲೇ ಬಿಸಿಗಾಳಿ ಬೀಸಿತು. ದನಗಳು ನೆರಳು ಬಿಟ್ಟು ಏಳಲಿಲ್ಲ. ಅಜ್ಜಿಯೂ ಜಗಲಿಯಲ್ಲಿ ಕುಳಿತು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಳು. ಒಳಗೆ ಬಾಣಂತಿ ಕೋಣೆಯಲ್ಲಿ ಮಾತ್ರ ಅದೇ ಗೋಣಿ, ಅದೇ ಕೆಂಡ. ತನಗೆ ಸೆಕೆ, ಸೊಸೆಗೆ ಶೀತ. ನಗಬೇಡ, ಮಗುವನ್ನು ಕಳೆದುಕೊಂಡವಳ ಹೆದರಿಕೆಗೆ ಥಂಡಿ ಯಾವುದು, ಸೆಕೆ ಯಾವುದು ಎಂದು ತಿಳಿಯುವುದಿಲ್ಲ.

ಸೊಸೆ ನೀರು ಕೇಳಿದಳು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಅಜ್ಜಿ ಗುಟುಕು ಕೊಟ್ಟು ಚೊಂಬನ್ನು ಎತ್ತಿಟ್ಟಳು. ಮಗು ಮೊದಲು ಕಿರುಚಿ ಅತ್ತಿತು. ಆಮೇಲೆ ಅಳು ನಿಂತಿತು. ಹಾಲಿಗೂ ಬಾಯಿ ತೆರೆಯದೆ ಸೋತು ಮಲಗಿತು.

ಅಜ್ಜಿ ಅದನ್ನು ನೋಡಿದಳು. ಅವಳ ಮೊದಲ ಮಗುವೂ ಹೀಗೇ ಸದ್ದಿಲ್ಲದೆ ಮಲಗಿತ್ತು. ಕೆಂಡದ ಬೋಗುಣಿ ಹಿಡಿದು ಬಂದ ಕೈಯಲ್ಲೇ ಹಣೆ ಮುಟ್ಟಿದಳು. ತಣ್ಣಗೆ ಅನ್ನಿಸಿತು. ಶೀತ ಹಿಡಿದಿದೆ ಎಂದು ಇನ್ನಷ್ಟು ಕೆಂಡ ತಂದು ಸುರಿದಳು. ಮತ್ತೆ ಮುಟ್ಟಿದಳು, ಮತ್ತೂ ತಣ್ಣಗೆ ಅನ್ನಿಸಿತು. ಕಾದ ಕೈಗೆ ಇನ್ನೇನು ಅನ್ನಿಸಬೇಕು? ಪೆಟ್ಟಿಗೆಯಿಂದ ಕಂಬಳಿ ತೆಗೆದು ಹೊದಿಸಿದಳು. ಬೋಗುಣಿ ಎತ್ತಿಕೊಂಡು ಒಲೆಯ ಕಡೆಗೆ ಹೊರಟಳು.

ಸೊಸೆ ಅವಳ ಸೆರಗು ಹಿಡಿದು ನಿಲ್ಲಿಸಿದಳು. ಅದುವರೆಗೆ ಆಕೆ ಎದುರು ಮಾತಾಡಿದವಳಲ್ಲ.

"ಅತ್ತೆ, ಕೈಲಿ ಮುಟ್ಟಬೇಡಿ. ಕೆನ್ನೆ ಇಟ್ಟು ನೋಡಿ."

ಅಜ್ಜಿ ಬಗ್ಗಿ ಮಗುವಿನ ಹೊಟ್ಟೆಗೆ ಕೆನ್ನೆ ಇಟ್ಟಳು. ಸುಟ್ಟಿತು.

ಅವಳು ಕಿಟಕಿಯನ್ನು ನೋಡಿದಳು. ತೆರೆದರೆ ತನ್ನ ಅತ್ತೆಯ ಮಾತು ಹೋಗುತ್ತದೆ. ತೆರೆಯದಿದ್ದರೆ ಮಗು ಹೋಗುತ್ತದೆ. ಗೋಣಿಯ ಕಡೆ ಕೈ ಚಾಚಿದಳು, ಹಿಂದಕ್ಕೆಳೆದಳು, ಮತ್ತೆ ಚಾಚಿದಳು. ಆಮೇಲೆ ಎದ್ದು ಗೋಣಿಯನ್ನು ಕಿತ್ತಳು. ಕೆಂಡವನ್ನು ಅಂಗಳಕ್ಕೆ ಸಾಗಿಸಿ ನೀರು ಹುಯ್ದಳು. ತಾಯಿಯನ್ನೂ ಮಗುವನ್ನೂ ಜಗಲಿಯ ನೆರಳಿಗೆ ತಂದಳು. ಮಗುವಿನ ಬಟ್ಟೆ ಬಿಚ್ಚಿ, ಒದ್ದೆ ಪಂಚೆಯಿಂದ ಮೈ ಒರೆಸುತ್ತ ಗಾಳಿ ಹಾಕಿದಳು. ಸೊಸೆಯ ಕೈಗೆ ತುಂಬಿದ ಚೊಂಬು ಕೊಟ್ಟಳು. ಅದು ಖಾಲಿಯಾಯಿತು. ಇನ್ನೊಂದು ಕೊಟ್ಟಳು.

ಹೊತ್ತು ಇಳಿಯುವ ವೇಳೆಗೆ ಮಗು ಕಣ್ಣು ಬಿಟ್ಟಿತು. ತಡಕಾಡಿ ಮೊಲೆ ಹುಡುಕಿತು. ಹೊಟ್ಟೆ ತುಂಬ ಕುಡಿದು ಅಜ್ಜಿಯ ಮಡಿಲಲ್ಲಿ ಮಲಗಿ ಉಚ್ಚೆ ಹೊಯ್ದಿತು. ಸೀರೆಯೆಲ್ಲ ನೆನೆಯಿತು. ಅಜ್ಜಿ ಅತ್ತಳು, ನಕ್ಕಳು. ಸೀರೆ ಬದಲಿಸಲು ಮಾತ್ರ ಏಳಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ತನ್ನ ಮನೆಯ ಮಗುವೇ ಬದುಕಿಕೊಂಡಷ್ಟು ಸಂತೋಷವಾಯಿತು. ಆದರೂ ಅವನ ಪ್ರಶ್ನೆ ಅವನನ್ನು ಬಿಡಲಿಲ್ಲ.

"ಮಗು ಉಳಿಯಿತಲ್ಲ, ಅಷ್ಟೇ ಸಾಕು, ಗುರುಗಳೇ. ಆದರೆ ಕೊನೆಗೂ ಆ ಅಜ್ಜಿ ತನ್ನ ಅತ್ತೆಯ ಮಾತನ್ನು ಮೀರಿದಳಲ್ಲವೇ?"

ಗುರುಗಳು ಹೇಳಿದರು: "ಆ ಅತ್ತೆ ಬದುಕಿದ್ದಿದ್ದರೆ, ಕಿಟಕಿ ತೆರೆಯಲು ಅಷ್ಟು ಹೊತ್ತು ಮಾಡುತ್ತಿರಲಿಲ್ಲ."