ಗೋಣಿಬಸವ ಇಲ್ಲದ ಆಶ್ರಮ

ಹೊಳೆದಂಡೆಯ ಆ ಆಶ್ರಮದಲ್ಲಿ ವಿರೂಪಣ್ಣನ ಕಣ್ಣು ತಪ್ಪಿಸಿ ಒಂದು ತರಗೆಲೆಯೂ ಅಂಗಳದಲ್ಲಿ ಬಿದ್ದಿರುತ್ತಿರಲಿಲ್ಲ.

ಗುರು ಅಡವಯ್ಯನವರ ಹಿರಿಯ ಶಿಷ್ಯ ಅವನು. ಪೂಜೆ, ಪಾಠ, ಊಟ, ಹಸುವಿನ ಮೇವು, ಎಲ್ಲಕ್ಕೂ ಅವನೇ ಹೊತ್ತು ಗೊತ್ತುಮಾಡಿದ್ದ. ಆ ಹೊತ್ತು ತಪ್ಪುತ್ತಿರಲಿಲ್ಲ.

ತಪ್ಪಿಸುವವನು ಒಬ್ಬನೇ. ಗೋಣಿಬಸವ.

ಅವನೂ ಶಿಷ್ಯನೇ. ನೀರಿಗೆ ಕಳಿಸಿದರೆ ಕೊಡವನ್ನು ದಂಡೆಯಲ್ಲಿಟ್ಟು ಈಜಲು ಇಳಿಯುತ್ತಿದ್ದ. ಪಾಠದ ನಡುವೆ ಕಿಟಕಿಯಲ್ಲಿ ಅಳಿಲು ಕಂಡರೆ ಎಲ್ಲರಿಗೂ ತೋರಿಸುತ್ತಿದ್ದ.

ಒಂದು ಮಧ್ಯಾಹ್ನ ಎಲೆ ಹಾಕಿ ಇನ್ನೇನು ಬಡಿಸಬೇಕು, ಗೋಣಿಬಸವ ಎದ್ದು ನಿಂತ.

"ಇವತ್ತು ಒಳಗೆ ಬೇಡ. ಹೊಳೆಯ ಬಂಡೆ ಮೇಲೆ ಕೂತು ಉಣ್ಣೋಣ."

ಯಾರ ಮಾತಿಗೂ ಕಾಯದೆ ಅನ್ನದ ಪಾತ್ರೆ ಎತ್ತಿಕೊಂಡು ನಡೆದೇಬಿಟ್ಟ. ಅಡುಗೆಯ ನಾಗವ್ವ ಬೈಯುತ್ತ ಬೈಯುತ್ತ ಸಾರಿನ ಪಾತ್ರೆ ಹಿಡಿದು ಅವನ ಹಿಂದೆ ಹೋದಳು. ಗುರುಗಳೂ ಹೋದರು.

ವಿರೂಪಣ್ಣ ಮಾತ್ರ ಒಳಗೇ ಕೂತಿದ್ದ. ಅವನ ಊಟ ಆಮೇಲೆ ಬಂತು, ತಣ್ಣಗಾಗಿ.

ಇದನ್ನೆಲ್ಲ ಅವನು ಸಹಿಸಿಕೊಂಡಿದ್ದ. ಸಹಿಸಲಾಗದ್ದು ಹಸುವಿನ ವಿಷಯದಲ್ಲಿ ಆಯಿತು.

ಹಸುವನ್ನು ಗೂಟಕ್ಕೆ ಕಟ್ಟಲು ಹೋದ ಗೋಣಿಬಸವ ಜಾಲಿಮರದಲ್ಲಿ ಗೀಜಗ ಗೂಡು ನೇಯುವುದನ್ನು ಕಂಡ. ಹಗ್ಗ ಕೈಬಿಟ್ಟು ನೋಡುತ್ತ ನಿಂತ. ಹಸು ಪಕ್ಕದ ಭರಮಪ್ಪನ ಹೊಲಕ್ಕೆ ನುಗ್ಗಿ ತೆನೆಗಟ್ಟಿದ ಜೋಳವನ್ನು ಮೇಯಿತು, ತುಳಿಯಿತು.

ಭರಮಪ್ಪ ಆಶ್ರಮದ ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಕೂಗಾಡಿದ. ಗುರುಗಳು ಹೊರಗೆ ಬಂದರು. ಅವನ ಮುಂದೆ ಕೈಮುಗಿದು ನಿಂತರು.

"ತಪ್ಪು ನಮ್ಮದು" ಎಂದರು.

ಭರಮಪ್ಪ ಹೋದ ಮೇಲೆ ವಿರೂಪಣ್ಣ ಗುರುಗಳ ಬಳಿ ಬಂದ.

"ಗುರುಗಳೇ, ಗೋಣಿಬಸವನನ್ನು ಇಲ್ಲಿಂದ ಕಳಿಸಿಬಿಡಿ."

"ಜೋಳ ಹಾಳಾಯಿತು ಅಂತಲಾ?"

"ಜೋಳ ಮತ್ತೆ ಬೆಳೆಯುತ್ತದೆ. ನಿಮ್ಮನ್ನು ಬಾಗಿಲಲ್ಲಿ ಕೈಮುಗಿಸಿ ನಿಲ್ಲಿಸಿದನಲ್ಲ, ಅದನ್ನು ನನ್ನಿಂದ ನೋಡೋಕೆ ಆಗಲಿಲ್ಲ."

ಗುರುಗಳು ಅವನ ಮುಖವನ್ನೇ ನೋಡಿದರು.

"ಆಯಿತು" ಎಂದರು.

ಇಷ್ಟು ಸುಲಭವಾಗಿ ಆಗುತ್ತದೆಂದು ವಿರೂಪಣ್ಣ ಅಂದುಕೊಂಡಿರಲಿಲ್ಲ.

ಗುರುಗಳು ಗೋಣಿಬಸವನನ್ನು ಕರೆದರು. "ಆಚೆ ದಡದ ಛತ್ರದಲ್ಲಿ ಆಳು ಬೇಕಂತೆ. ಅಲ್ಲಿ ಹಸುಗಳಿವೆ. ಹೋಗಿ ನೋಡಿಕೋ."

ಗೋಣಿಬಸವ ಎಷ್ಟು ದಿನಕ್ಕೆಂದು ಕೇಳಲಿಲ್ಲ. ಯಾಕೆಂದೂ ಕೇಳಲಿಲ್ಲ. ಬಟ್ಟೆಯ ಗಂಟು ಕಟ್ಟಿಕೊಂಡು ಬಂದು ಗುರುಗಳ ಪಾದ ಮುಟ್ಟಿದ. ಕಣ್ಣು ತುಂಬಿತ್ತು.

"ಆಚೆ ದಡದಲ್ಲಿ ನೀರು ಆಳವಂತೆ" ಎಂದ. "ಧುಮುಕೋಕೆ ಚೆನ್ನಾಗಿರುತ್ತೆ, ಅಲ್ವಾ ಗುರುಗಳೇ?"

ನಾಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಮರುದಿನದಿಂದ ಆಶ್ರಮ ವಿರೂಪಣ್ಣ ಬಯಸಿದಂತೆಯೇ ನಡೆಯಿತು. ಕೊಡಗಳು ಹೊತ್ತಿಗೆ ಸರಿಯಾಗಿ ತುಂಬಿದವು. ಹಸು ಗೂಟದಲ್ಲಿತ್ತು. ಪಾಠದ ನಡುವೆ ಯಾರೂ ಕಿಟಕಿಯತ್ತ ನೋಡಲಿಲ್ಲ.

"ಇವತ್ತು ಅಡುಗೆಗೆ ಏನು ಮಾಡಲಿ?" ಎಂದು ನಾಗವ್ವ ಕೇಳಿದಳು.

"ನಿನ್ನೆ ಮಾಡಿದ್ದನ್ನೇ ಮಾಡವ್ವ" ಎಂದ ವಿರೂಪಣ್ಣ.

ಮರುದಿನವೂ ಕೇಳಿದಳು. ಅದೇ ಉತ್ತರ ಬಂತು. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು.

ಎಲ್ಲರೂ ತಲೆ ತಗ್ಗಿಸಿ ಉಂಡು ಏಳುತ್ತಿದ್ದರು. ಒಂದು ದಿನ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಯಾರೂ ಹೇಳಲಿಲ್ಲ. ನಾಗವ್ವನಿಗೆ ತಾನು ಉಣ್ಣುವಾಗ ಅದು ಗೊತ್ತಾಯಿತು. ಒಬ್ಬರಾದರೂ ಹೇಳಬಾರದಿತ್ತೇ ಎಂದು ಒಲೆಯ ಮುಂದೆ ಕೂತು ಅತ್ತಳು.

ವಿರೂಪಣ್ಣನಿಗೆ ಅದು ಅರ್ಥವಾಗಲಿಲ್ಲ. ಉಪ್ಪಿಲ್ಲದ್ದಕ್ಕೆ ಯಾರೂ ಬೈಯಲಿಲ್ಲವಲ್ಲ, ಅಳುವುದೇಕೆ?

ಒಂದು ಬೆಳಿಗ್ಗೆ ಗುರುಗಳು ಅವನನ್ನು ಕೇಳಿದರು.

"ವಿರೂಪಣ್ಣಾ, ನಮ್ಮ ಮೆಟ್ಟಿಲ ಮೇಲೆ ಒಬ್ಬರು ಬಂದು ಕೂರುತ್ತಿದ್ದರಲ್ಲ, ಎಲ್ಲಿ?"

ಆಗ ವಿರೂಪಣ್ಣನಿಗೆ ನೆನಪಾಯಿತು. ಯಮನೂರಪ್ಪ.

ಯಮನೂರಪ್ಪ ಹರಿಗೋಲು ಕಟ್ಟುವವನು. ಬಿದಿರು ಸೀಳಿ, ದುಂಡಗೆ ಹೆಣೆದು, ಮೇಲೆ ತೊಗಲು ಹೊದಿಸಿ ಅವನು ನೀರಿಗಿಳಿಸಿದ ಹರಿಗೋಲಿನಲ್ಲಿ ಸುತ್ತಲಿನ ಊರುಗಳವರು ಹೊಳೆ ದಾಟುತ್ತಿದ್ದರು. ಕಳೆದ ಮಳೆಗಾಲದಲ್ಲಿ ಅವನು ಕಟ್ಟಿದ ಹರಿಗೋಲಿನಲ್ಲೇ ಅವನ ತಮ್ಮ ಪ್ರವಾಹಕ್ಕೆ ಸಿಕ್ಕಿ ಹೋಗಿಬಿಟ್ಟ. ಅಂದಿನಿಂದ ಅವನು ಬಿದಿರು ಮುಟ್ಟುವುದನ್ನೇ ಬಿಟ್ಟಿದ್ದ. ದಿನವೂ ಆಶ್ರಮಕ್ಕೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ.

ವಿರೂಪಣ್ಣ ಅವನ ಪಕ್ಕ ಕೂತು ಹುಟ್ಟು ಸಾವಿನ ಮಾತುಗಳನ್ನು ತಿಳಿಸಿ ಹೇಳುತ್ತಿದ್ದ. ಯಮನೂರಪ್ಪ ತಲೆಯಾಡಿಸುತ್ತಿದ್ದ. ಗೋಣಿಬಸವ ಬಂದನೆಂದರೆ ಅವನನ್ನು ಎಬ್ಬಿಸಿಕೊಂಡು ಎಲ್ಲಿಗೋ ಹೋಗಿಬಿಡುತ್ತಿದ್ದ.

"ಬಂದು ಬಹಳ ದಿನವಾಯಿತು, ಗುರುಗಳೇ."

"ಹೋಗಿ ನೋಡಿಕೊಂಡು ಬಾ."

ಯಮನೂರಪ್ಪನ ಮನೆ ಹೊಳೆಯ ತಿರುವಿನಲ್ಲಿತ್ತು. ಬಾಗಿಲು ತೆರೆದೇ ಇತ್ತು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನೆರೆಯವರು ಇಟ್ಟುಹೋದ ರೊಟ್ಟಿ ತಟ್ಟೆಯಲ್ಲಿ ಒಣಗಿತ್ತು. ಅವನ ತೋಳಿನ ಮೂಳೆಗಳು ಎದ್ದು ಕಾಣುತ್ತಿದ್ದವು.

ವಿರೂಪಣ್ಣ ಹೆದರಿದ.

"ಯಮನೂರಪ್ಪಾ, ಏಳಿ. ಹೀಗೆ ಅನ್ನ ಬಿಟ್ಟರೆ ಹೇಗೆ? ಹೋದವರು ಹೋದರು. ಈ ದೇಹ ಯಾರದೂ ಶಾಶ್ವತ ಅಲ್ಲ."

"ಗೊತ್ತು ಸ್ವಾಮಿ." ಯಮನೂರಪ್ಪ ತಿರುಗಲಿಲ್ಲ. "ನೀವು ಎಲ್ಲಾ ಹೇಳಿದ್ದೀರಿ. ನನಗೆ ಬಾಯಿಪಾಠ ಆಗಿದೆ."

ಗೋಣಿಬಸವನಾಗಿದ್ದರೆ ಏನು ಮಾಡುತ್ತಿದ್ದ? ನಗಿಸುತ್ತಿದ್ದನೇನೋ. ವಿರೂಪಣ್ಣನೂ ಒಂದು ತಮಾಷೆಯ ಪ್ರಸಂಗ ನೆನಪು ಮಾಡಿಕೊಂಡು ಹೇಳಲು ತೊಡಗಿದ. ಮಧ್ಯದಲ್ಲಿ ಒಂದು ವಿವರ ಬಿಟ್ಟುಹೋಯಿತೆಂದು ಮತ್ತೆ ಮೊದಲಿನಿಂದ ಹೇಳಿದ. ಕೊನೆಗೆ ತಾನೊಬ್ಬನೇ ನಕ್ಕ.

ಯಮನೂರಪ್ಪ ನಿಧಾನವಾಗಿ ಈ ಕಡೆ ಹೊರಳಿದ.

"ಸ್ವಾಮಿ, ನಿಮಗೆ ಅದು ಬರೋದಿಲ್ಲ. ಬಿಡಿ."

ವಿರೂಪಣ್ಣ ಬಾಗಿಲ ಹತ್ತಿರ ಕುಸಿದು ಕೂತ. ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು.

"ಹೌದು. ಬರೋದಿಲ್ಲ" ಎಂದ. "ಗೋಣಿಬಸವ ನಿಮಗೆ ಏನು ಹೇಳುತ್ತಿದ್ದ?"

"ಏನೂ ಹೇಳುತ್ತಿರಲಿಲ್ಲ. ತಮ್ಮನ ಸುದ್ದಿಯನ್ನೇ ಎತ್ತಲಿಲ್ಲ, ಒಂದು ದಿನವೂ."

"ಮತ್ತೆ?"

"ಒಂದು ದಿನ ಬಂದ. ಮಾವಾ, ಹರಿಗೋಲು ಕಟ್ಟೋದು ಕಲಿಸು ಅಂದ. ಆಗಲ್ಲ ಅಂದೆ. ಹಾಗಾದರೆ ನಾನೇ ಕಟ್ಟತೀನಿ, ನಮ್ಮ ಹಸುವನ್ನು ಕೂರಿಸಿಕೊಂಡು ಹೊಳೆಯೆಲ್ಲ ಸುತ್ತಿಸಿ ತರತೀನಿ ಅಂದ. ಹಸುವನ್ನ!"

ಯಮನೂರಪ್ಪನ ತುಟಿಯ ತುದಿ ಅಲುಗಿತು.

"ಬಿದಿರು ಸೀಳೋಕೆ ಕೂತ. ಒಂದು ಸೀಳು ಹೆಬ್ಬೆರಳಿನಷ್ಟು, ಇನ್ನೊಂದು ಅಂಗೈ ಅಗಲ. ಅದನ್ನೇ ಹೆಣೆದ. ಹರಿಗೋಲೂ ಅಲ್ಲ, ಬುಟ್ಟಿಯೂ ಅಲ್ಲ. ತಲೆ ಮೇಲೆ ಬೋರಲು ಹಾಕಿಕೊಂಡು ಕುಣಿದ. ನೋಡಿ ನೋಡಿ ನನಗೆ ತಡೆಯಲಿಲ್ಲ ಸ್ವಾಮಿ. ಕಿತ್ತುಕೊಂಡೆ. ಹಂಗಲ್ಲೋ ಮಾರಾಯಾ ಅಂತ ಬೈದೆ. ಬೈತಾ ಬೈತಾ ಕೈಯಲ್ಲಿ ಬಿದಿರು ಹಿಡಿದಿದ್ದೆ. ಅವನು ಛತ್ರಕ್ಕೆ ಹೋಗೋ ತನಕ ದಿನಾ ಒಂದಿಷ್ಟು ಹೆಣೆದೆ."

ಅವನು ತನ್ನ ಕೈಗಳನ್ನು ನೋಡಿಕೊಂಡ.

"ನಿಮ್ಮ ಹತ್ತಿರ ಬಂದರೆ ನಾನು ತಮ್ಮನನ್ನ ಕಳಕೊಂಡವನು. ಅವನ ಹತ್ತಿರ ನಾನು ಯಮನೂರಪ್ಪ. ಅಷ್ಟೇ ಸ್ವಾಮಿ. ಬೇರೇನೂ ಇಲ್ಲ."

ವಿರೂಪಣ್ಣ ತಲೆ ತಗ್ಗಿಸಿದ.

"ಅವನನ್ನು ಕಳಿಸಿಬಿಡಿ ಅಂತ ಗುರುಗಳಿಗೆ ಹೇಳಿದವನು ನಾನೇ."

"ಗೊತ್ತು. ಛತ್ರಕ್ಕೆ ಹೋಗೋ ಮುಂಚೆ ಇಲ್ಲಿಗೆ ಬಂದಿದ್ದ."

"ನನ್ನನ್ನು ಬೈದನಾ?"

"ಇಲ್ಲ. ಪಾಪ, ವಿರೂಪಣ್ಣನಿಗೆ ನನ್ನಿಂದ ಬಹಳ ಕಷ್ಟ ಆಯಿತು ಮಾವಾ ಅಂದ. ಅತ್ತ. ಆಮೇಲೆ ಬಾಗಿಲಲ್ಲಿ ಎಡವಿ ಬಿದ್ದು, ತಾನೇ ನಕ್ಕು ಹೋದ."

ಹಿತ್ತಿಲಲ್ಲಿ ಅರ್ಧ ಹೆಣೆದ ಹರಿಗೋಲು ಬಿದ್ದಿತ್ತು. ವಿರೂಪಣ್ಣ ಎದ್ದು ಹೋಗಿ ಅದರ ಮುಂದೆ ನಿಂತ. ಪಕ್ಕದಲ್ಲಿ ಕತ್ತಿ ಇತ್ತು, ಸೀಳದ ಬಿದಿರಿತ್ತು. ಯಾಕೆಂದು ಅವನಿಗೂ ಗೊತ್ತಾಗಲಿಲ್ಲ, ಕತ್ತಿ ಎತ್ತಿಕೊಂಡು ಕೂತ. ಒಂದು ಸೀಳು ತೆಗೆದ. ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದ.

ಬಹಳ ಹೊತ್ತಿನ ಮೇಲೆ ಹಿಂದೆ ಹೆಜ್ಜೆ ಸದ್ದಾಯಿತು. ಯಮನೂರಪ್ಪ ಗೋಡೆ ಹಿಡಿದುಕೊಂಡು ಬಂದಿದ್ದ. ಬಗ್ಗಿ ಒಂದು ಸೀಳನ್ನು ಎತ್ತಿ ಬೆಳಕಿಗೆ ಹಿಡಿದ. ಇನ್ನೊಂದನ್ನು ಎತ್ತಿದ.

"ಎಲ್ಲಾ ಒಂದೇ ಅಳತೆ" ಎಂದ. "ಯಾರು ಕಲಿಸಿದರು ಸ್ವಾಮಿ?"

"ಯಾರೂ ಇಲ್ಲ. ಸೊಟ್ಟಗಿದ್ದರೆ ನನಗೆ ಸಮಾಧಾನ ಆಗಲ್ಲ, ಅಷ್ಟೇ."

ಯಮನೂರಪ್ಪ ಪಕ್ಕದಲ್ಲಿ ಕೂತ. ಆ ಸೀಳುಗಳನ್ನು ಹೆಣಿಗೆಗೆ ಸೇರಿಸಿದ. ವಿರೂಪಣ್ಣ ಸೀಳಿ ಕೊಡುತ್ತ ಹೋದ. ನೆರಳು ಉದ್ದವಾಗುವ ತನಕ ಕೆಲಸ ಹಾಗೆಯೇ ಸಾಗಿತು.

ಆಮೇಲೆ ಯಮನೂರಪ್ಪನ ಕೈ ನಿಂತಿತು.

"ನೀವು ಸೀಳಿದ ಬಿದಿರು ಇದ್ದರೆ ಒಳ್ಳೇ ಹರಿಗೋಲು ಆಗುತ್ತೆ ಸ್ವಾಮಿ. ಅವನು ಸೀಳಿದ್ದರಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ."

"ಮತ್ತೆ ಯಾಕೆ ನಿಲ್ಲಿಸಿದಿರಿ?"

"ಹರಿಗೋಲು ಆಗುತ್ತೆ. ಆಮೇಲೆ? ಅದನ್ನು ನೀರಿಗೆ ಇಳಿಸೋಕೆ ನನಗೆ ಧೈರ್ಯ ಇಲ್ಲ. ನಿಮಗೂ ಇಲ್ಲ. ಹೊಳೆ ಅಂದರೆ ಈಗ ನನಗೆ ಆ ಒಂದು ದಿನವೇ. ಅವನಾದರೆ ಒಂದು ಮಾತೂ ಕೇಳದೆ ಹಾರಿ ಕೂತುಬಿಡುತ್ತಾನೆ. ಬೀಳುತ್ತಾನಲ್ಲ ಅಂತ ನಾನೂ ಹಿಂದೆಯೇ ಹಾರಬೇಕಾಗುತ್ತೆ."

ಹೇಳಿ ಮುಗಿಸಿ ಅವನು ಒಳಗೆ ಹೋದ. ಒಣಗಿದ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ಒಂದು ತುಂಡು ಬಾಯಿಗಿಟ್ಟ. ಇನ್ನೊಂದು ತುಂಡನ್ನು ವಿರೂಪಣ್ಣನ ಕಡೆ ಚಾಚಿದ.

ಅದು ಊಟದ ಹೊತ್ತಲ್ಲ. ವಿರೂಪಣ್ಣ ತಿಂದ.

ಅವನು ಆಶ್ರಮಕ್ಕೆ ಬಂದಾಗ ಸಂಜೆಯ ದೀಪವನ್ನು ಗುರುಗಳೇ ಹಚ್ಚುತ್ತಿದ್ದರು. ಅವನ ಕೈ ತುಂಬ ಬಿದಿರಿನ ಗೀರು.

"ಪೂಜೆಯ ಹೊತ್ತು ಮರೆತೇಹೋಯಿತು, ಗುರುಗಳೇ."

"ಕಾಣಿಸುತ್ತಿದೆ."

ವಿರೂಪಣ್ಣ ನಡೆದದ್ದನ್ನೆಲ್ಲ ಹೇಳಿದ. ತಾನು ಹೇಳಿದ ತಮಾಷೆಗೆ ತಾನೊಬ್ಬನೇ ನಕ್ಕದ್ದನ್ನೂ ಬಿಡದೆ ಹೇಳಿದ. ಗುರುಗಳು ಬತ್ತಿ ಸರಿಮಾಡುತ್ತ ಕೇಳಿದರು.

"ನಾನು ಇಷ್ಟು ದಿನ ಸರಿಯಾಗಿ ಇಟ್ಟ ಆಶ್ರಮ ಸರಿಯಾಗಿ ಇರಲಿಲ್ಲವೇ?"

"ಇತ್ತು. ನೀನಿಲ್ಲದಿದ್ದರೆ ನಾವು ಎಂದೋ ಉಪವಾಸ ಬೀಳುತ್ತಿದ್ದೆವು."

"ಮತ್ತೆ ನಾಗವ್ವ ಯಾಕೆ ಅತ್ತಳು?"

"ಉಪವಾಸ ಬೇರೆ ಬೇರೆ ತರಹ ಇರುತ್ತೆ, ವಿರೂಪಣ್ಣಾ."

ವಿರೂಪಣ್ಣ ದೀಪದ ಮುಂದೆ ಕೂತ. ಆಮೇಲೆ ಕೇಳಿದ.

"ನಿಮಗೆ ಇದು ಮೊದಲೇ ಗೊತ್ತಿತ್ತು. ಆದರೂ ಅವನನ್ನು ಯಾಕೆ ಕಳಿಸಿದಿರಿ?"

"ಭರಮಪ್ಪನ ಜೋಳ ಸುಳ್ಳಲ್ಲವಲ್ಲ. ಗೋಣಿಬಸವನೂ ಹಸು ಕಟ್ಟುವುದನ್ನು ಕಲಿಯಬೇಕಿತ್ತು."

"ಕಲಿತನಾ?"

"ಛತ್ರದವರು ಹೇಳಿ ಕಳಿಸಿದ್ದರು. ಹಸುವನ್ನು ಗಟ್ಟಿಯಾಗಿ ಕಟ್ಟುತ್ತಾನಂತೆ. ಕಟ್ಟಿ, ತಾನು ಎಲ್ಲಿಗೋ ಹೋಗಿಬಿಡುತ್ತಾನಂತೆ."

ವಿರೂಪಣ್ಣನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಒಳಗಿನಿಂದ ನಾಗವ್ವ ಇಣುಕಿ ನೋಡಿದಳು.

"ಗುರುಗಳೇ, ಅವನನ್ನು ವಾಪಸ್ ಕರೆದುಕೊಂಡು ಬರುತ್ತೇನೆ."

"ಬಂದರೆ ಮತ್ತೆ ಪಾಠ ಕೆಡಿಸುತ್ತಾನೆ."

"ಕೆಡಿಸಲಿ."

"ನಿನಗೆ ಸಿಟ್ಟು ಬರುತ್ತೆ."

"ಬರುತ್ತೆ. ಬೈತೀನಿ. ಆದರೆ ಹೋಗು ಅನ್ನೋದಿಲ್ಲ."

ಗುರುಗಳು ತಲೆಯಾಡಿಸಿದರು.

ವಿರೂಪಣ್ಣ ಆಗಲೇ ಮನಸ್ಸಿನಲ್ಲಿ ನಾಳೆಯನ್ನು ಜೋಡಿಸತೊಡಗಿದ್ದ.

"ಬೆಳಗಿನ ಪೂಜೆ ಮುಗಿದ ತಕ್ಷಣ ಹೊರಡುತ್ತೇನೆ. ದಾರಿಯಲ್ಲಿ ಯಮನೂರಪ್ಪನ ಮನೆಗೆ ಹೋಗಿ, ಅವರನ್ನೂ ಈ ದಡದ ತನಕ ಕರೆದೊಯ್ಯುತ್ತೇನೆ. ಊಟದ ಹೊತ್ತಿಗೆ ಮೂವರೂ ಇಲ್ಲಿರುತ್ತೇವೆ."

ಗುರುಗಳು ದೀಪದ ಮುಂದಿನಿಂದ ಎದ್ದರು.

"ಹೊರಡುವ ಹೊತ್ತು ನೀನು ಹೇಳಿದೆ, ಸರಿ. ಬರುವ ಹೊತ್ತನ್ನು ಗೋಣಿಬಸವ ಹೇಳಲಿ."