ಅರಸನ ಕೋವಿಯ ಮೂರು ಒಗಟು

“ಕೇಳಿರಪ್ಪೋ ಕೇಳಿ! ಅರಸ ಚೆಂಡರಸರ ತಾತನ ಕಾಲದ ಬೇಟೆಕೋವಿ ಗುರಿ ಕಳಕೊಂಡಿದೆ. ಅದರ ಪೆಟ್ಟಿಗೆಯಲ್ಲಿ ತಾತ ಬರೆಸಿಟ್ಟ ಮೂರು ಒಗಟುಗಳಿವೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆದಂಡ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಕೋವಿ ಕೆಡಿಸಿದ ಕೆಂಚಯ್ಯನಿಗೆ ಗಲ್ಲು!”

ಹೊಂಗಲ್ಲಿನ ಬೀದಿಗಳಲ್ಲಿ ಹೀಗೆ ಡಂಗುರ ಸಾರಿದರು. ಕೆಂಚಯ್ಯ ಮೂವತ್ತು ವರ್ಷ ಅರಮನೆಯ ಕೋವಿಗಳನ್ನು ಕಾಯ್ದವನು. ಅವನು ಸೆರೆಗೆ ಬಿದ್ದ ಮೇಲೆ ಅವುಗಳನ್ನು ತಿಕ್ಕುವ ಕೆಲಸ ಮಗಳು ಮಾಳವ್ವನ ಪಾಲಿಗೆ ಬಂದಿತ್ತು.

ಅಮಾವಾಸ್ಯೆಗೆ ಒಂದೇ ದಿನ ಉಳಿದಾಗ ಸಭೆ ತುಂಬಿತು. ತಾತ ಬರೆಸಿಟ್ಟ ಉತ್ತರದ ಓಲೆ ಮಂತ್ರಿಯ ಕೈಯಲ್ಲಿತ್ತು. ಅರಸ ಮೊದಲ ಒಗಟು ಓದಿದ.

“ಹೊರಗೆ ನೆಟ್ಟಗಿದ್ದಾನೆ, ಒಳಗೆ ತಿರುಚಿಕೊಂಡಿದ್ದಾನೆ. ತಾನು ಕದಲದೆ, ಒಳಗೆ ಹಾದವನನ್ನು ಸುತ್ತಿಸಿ ಕಳಿಸುತ್ತಾನೆ. ಯಾರು?”

“ಕೋಟೆಯ ಬುರುಜು! ಒಳಗೆ ಸುತ್ತುಮೆಟ್ಟಿಲು,” ಎಂದ ದಳವಾಯಿ. ಮಂತ್ರಿ ಅಲ್ಲವೆಂದ. ತಲೆದಂಡಕ್ಕೆಂದು ದಳವಾಯಿಯನ್ನು ಸೆರೆಗೆ ಎಳೆದೊಯ್ದರು.

ಪಾಳೆಯಗಾರನ ಮಗ ಬಸವಂತ, “ಹಾವಿನ ಹುತ್ತ,” ಎಂದ. ಅವನೂ ಸೆರೆಗೆ ಹೋದ.

ಮಾಳವ್ವ ಎದ್ದಳು.

“ಕೋವಿ ತಿಕ್ಕುವವಳಿಗೆ ಒಗಟೇನೇ?” ಎಂದು ಯಾರೋ ನಕ್ಕರು.

“ತಿಕ್ಕಿದ್ದಕ್ಕೇ ಗೊತ್ತು ಕಣಪ್ಪ,” ಎಂದು ಅವಳು ಅರಸನ ಕಡೆ ತಿರುಗಿದಳು. “ಕೋವಿಯ ನಳಿಗೆ, ಬುದ್ಧಿ. ಒಳಗೆ ಬಳ್ಳಿಯಂತೆ ಸುತ್ತಿದ ಗೆರೆಗಳಿವೆ. ಬಟ್ಟೆ ಸುತ್ತಿದ ಸಲಾಕೆ ತೂರಿಸಿದರೆ ಕೈಯಲ್ಲೇ ತಿರುಗುತ್ತದೆ. ಗುಂಡೂ ಹಾಗೇ ತಿರುಗಿಕೊಂಡು ಹೋಗುತ್ತದೆ.”

ಮಂತ್ರಿ ಹೌದೆಂದ. ಅರಸ ಮುಂದೆ ಓದಿದ.

“ಒಂದೇ ದಪ್ಪದ ಅಣ್ಣತಮ್ಮಂದಿರು ಒಂದೇ ಬಾಗಿಲಿಂದ ಹೊರಟರು. ಹಗುರ ತಮ್ಮ ನೆಟ್ಟಗೆ ಊರು ಸೇರಿದ. ಭಾರದ ಅಣ್ಣ ದಾರಿಯಲ್ಲೇ ಅಡ್ಡಬಿದ್ದ. ಯಾಕೆ?”

“ಅವರು ಕೋವಿಯ ಗುಂಡುಗಳು,” ಎಂದಳು ಮಾಳವ್ವ. “ದಪ್ಪ ಒಂದೇ ಆದರೆ, ಭಾರದ ಗುಂಡು ಉದ್ದವಾಗಿರಲೇಬೇಕು. ಉದ್ದದ ಗುಂಡು ನೆಟ್ಟಗೆ ಹೋಗಲು ಹೆಚ್ಚು ಸುತ್ತು ಬೇಕು. ಅಣ್ಣನಿಗೆ ಅಷ್ಟು ಸುತ್ತು ಸಿಗಲಿಲ್ಲ.”

ಮಂತ್ರಿ ಮತ್ತೆ ಹೌದೆಂದ. ಅರಸ ಮೂರನೆಯದನ್ನು ಓದಿದ.

“ಕೋವಿ ಕೆಟ್ಟಿಲ್ಲ, ಮದ್ದು ಕೆಟ್ಟಿಲ್ಲ, ಕೈ ನಡುಗಿಲ್ಲ. ಆದರೂ ಗುರಿ ತಪ್ಪಿತು. ತಪ್ಪು ಯಾರದು?”

“ಗುಂಡು ಆರಿಸಿದವರದು.”

“ಯಾರು ಅವನು?”

“ತಾವೇ, ಬುದ್ಧಿ. ಕಾಡೆಮ್ಮೆಗೆ ಭಾರದ ಗುಂಡೇ ಬೇಕೆಂದು ತರಿಸಿದಿರಿ. ಅಪ್ಪ ಬೇಡವೆಂದ. ಇದು ಹಳೆಯ ಕೋವಿ, ಇದರ ತಿರುಚು ನಿಧಾನದ್ದು. ಸಲಾಕೆ ಈ ತುದಿಯಿಂದ ಆ ತುದಿಗೆ ಹೋದರೂ ಅರ್ಧ ಸುತ್ತು ತಿರುಗುವುದಿಲ್ಲ. ಗಿಡ್ಡ ಗುಂಡಿಗೆ ಅಷ್ಟು ಸಾಕು, ಉದ್ದದ್ದಕ್ಕೆ ಸಾಲದು. ನಂಬದಿದ್ದರೆ ಹೊಡೆದು ನೋಡಿ.”

ಕಾವಲಿನವನ ಕೈ ಕತ್ತಿಗೆ ಹೋಯಿತು. ಅರಸ ಅವನನ್ನು ತಡೆದು, ಕೋವಿ ಹಿಡಿದು ಅಂಗಳಕ್ಕಿಳಿದ. ಭಾರದ ಗುಂಡು ಗುರಿಹಲಗೆಯಲ್ಲಿ ಅಡ್ಡ ಸೀಳು ಬಿಟ್ಟಿತು. ಅಷ್ಟೇ ದಪ್ಪದ ಗಿಡ್ಡ ಗುಂಡು ನಟ್ಟನಡುವೆ ದುಂಡನೆಯ ತೂತು ಕೊರೆಯಿತು.

ಮಂತ್ರಿ ತೊದಲುತ್ತ ಓಲೆ ಓದಿದ. “ಆರಿಸಿದವನದು. ಮೊಮ್ಮಗನೇ, ಅದು ನೀನೇ ಆಗಿದ್ದರೂ.”

ಅರಸ ಕೋವಿಯನ್ನು ಕೆಳಗಿಟ್ಟ. “ಏನು ಬೇಕು, ಕೇಳು ತಾಯಿ.”

“ಸೆರೆಮನೆಯ ಬಾಗಿಲು ತೆಗೆಸಿ. ಅಪ್ಪನ ಜೊತೆ ಆ ಇಬ್ಬರೂ ಮನೆಗೆ ಹೋಗಲಿ.”

ಅರಸ ಒಪ್ಪಿದ. ಆಯುಧಶಾಲೆಯ ಬೀಗದ ಕೈಯನ್ನೂ ಅವಳಿಗೇ ಕೊಟ್ಟ. ಅಂದಿನಿಂದ ಹೊಂಗಲ್ಲಿನಲ್ಲಿ ಮಾಳವ್ವ ನೋಡದ ಗುಂಡು ಯಾವ ಕೋವಿಗೂ ಇಳಿಯಲಿಲ್ಲ.

ಹೊರಗೆ ಬಂದ ಕೆಂಚಯ್ಯ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಗಳನ್ನು ನೋಡಿದ.

“ಅರಸರ ಮುಖಕ್ಕೇ ಹೇಳಿದೆಯಂತಲ್ಲೇ! ಹೆದರಿಕೆಯಾಗಲಿಲ್ಲವೇ?”

“ಆಯಿತಪ್ಪ. ಹೇಳದೆ ನಿನ್ನನ್ನು ಕರಕೊಂಡು ಹೋಗುವುದು ಹೇಗೆ? ನಡಿ, ಅಂಬಲಿ ಆರುತ್ತಿದೆ.”