ಪುಟ್ಟ ವಿಮಾನದ ಹೊಸ ಪೆಟ್ಟಿಗೆ

ಎರಡು ಸೀಟಿನ ಹಳೆಯ ಪುಟ್ಟ ವಿಮಾನಕ್ಕೆ ತಲೆ ಚಿಟ್ಟುಹಿಡಿದು ಹೋಗಿತ್ತು. ಹಾರುವವರೆಲ್ಲ ತಾವು ಎಲ್ಲಿದ್ದೇವೆಂದು ಸಾರುವ ಹೊಸ ಪೆಟ್ಟಿಗೆಯನ್ನು ಹಾಕಿಸಲೇಬೇಕು, ಇಲ್ಲವಾದರೆ ನೆಲ ಬಿಡುವಂತಿಲ್ಲ ಎಂದು ಮತ್ತೊಂದು ಆಜ್ಞೆ ಬಂದಿತ್ತು. ಹೋದ ಸಲ ಹೊಸ ರೇಡಿಯೊಗೆಂದು ಯಜಮಾನ ಪೂಣಚ್ಚ ಹಿಂದಿನ ಸೀಟನ್ನು ಮಾರಿದ್ದ. ಈ ಸಲ ಬೇರೆ ದಾರಿ ಕಾಣದೆ ಎಂಜಿನ್ನನ್ನೇ ಮಾರಿ ಪೆಟ್ಟಿಗೆ ತಂದ.

ನಿಯಮ ಮಾಡಿಸಿದ ದೊಡ್ಡ ಜೆಟ್ ವಿಮಾನವೇ ತಪಾಸಣೆಗೆ ಬಂತು. "ಹಸಿರು ದೀಪ ಉರಿಯುತ್ತಿದೆ. ಇನ್ನು ನೀನು ಧಾರಾಳವಾಗಿ ಹಾರಬಹುದು" ಎಂದಿತು.

"ಎಂಜಿನ್ನೇ ಇಲ್ಲವಲ್ಲ ಸ್ವಾಮಿ, ಹಾರುವುದು ಹೇಗೆ?"

"ಅದು ನನಗೆ ಸಂಬಂಧಿಸಿದ್ದಲ್ಲ. ಪೆಟ್ಟಿಗೆ ಇದೆಯೋ ಇಲ್ಲವೋ?"

"ಇದೆ. ಅದೊಂದೇ ಇರುವುದು!" ಎಂದು ಪುಟ್ಟ ವಿಮಾನ ಸಿಡುಕಿತು.

ಜೆಟ್ ಆಕಾಶಕ್ಕೇರಿ, ಅಲ್ಲಿಂದಲೇ ಕೂಗಿ ಕೇಳಿತು: "ಏಯ್ ಪುಟ್ಟ, ಈಗ ಎಲ್ಲಿದ್ದೀಯ?"

ಪುಟ್ಟ ವಿಮಾನ ಚೆನ್ನಾಗಿ ನಾಲ್ಕು ಮಾತು ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಪೆಟ್ಟಿಗೆಯೇ ವಿನಯದಿಂದ ಉತ್ತರಿಸಿತು: "ಶೆಡ್ಡಿನಲ್ಲೇ ಇದ್ದೇವೆ ಸ್ವಾಮಿ."

"ಭೇಷ್!" ಎಂದಿತು ಜೆಟ್. "ನೋಡಿದೆಯಾ, ಈ ಪೆಟ್ಟಿಗೆ ಬಂದ ಮೇಲೆ ಆಕಾಶ ಎಷ್ಟು ಸುರಕ್ಷಿತವಾಯಿತು!"